ನೀರಿನ ಹಾಗೆ ಖರ್ಚು ಮಾಡುವ ಮನೆ

ಮೊನ್ನೆ ಮೊಮ್ಮಗಳು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಕಳಸದ ಆಚೆಯ ಕಾಡಿಗೆ ಕರೆದುಕೊಂಡು ಹೋಗಿದ್ದಳು. ಈಗ ಅದು ರಾಷ್ಟ್ರೀಯ ಉದ್ಯಾನ. ಗೇಟಿದೆ, ಟಿಕೀಟಿದೆ, ಕಬ್ಬಿಣದ ಕಂಬಿ ಹಿಡಿದು ಇಳಿಯಲು ಮೆಟ್ಟಿಲಿದೆ, ನೀರಿಗೆ ಇಳಿಯಬಾರದೆಂಬ ಬೋರ್ಡೂ ಇದೆ. ಜಲಪಾತ ಮಾತ್ರ ಹಿಂದಿನಂತೆಯೇ ಯಾರ ಅಪ್ಪಣೆಯನ್ನೂ ಕೇಳದೆ ಬೀಳುತ್ತಿತ್ತು. ನಮ್ಮ ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಬಾಟಲಿಯಲ್ಲಿ ಉಳಿದಿದ್ದ ಒಂದಿಷ್ಟು ನೀರನ್ನು ಕಲ್ಲಿನ ಮೇಲೆ ಚೆಲ್ಲಿದ. “ಅಯ್ಯಯ್ಯೋ, ಚೆಲ್ಲಿಬಿಟ್ಯಲ್ಲೋ!” ಎಂದು ನಾನು ಕೂಗಿಕೊಂಡೆ. ಎದುರಿಗೆ ಗುಡ್ಡವೇ ಕರಗಿ ಬಿದ್ದಂತೆ ನೀರು ಬೀಳುತ್ತಿರುವಾಗ ಗುಟುಕು ನೀರಿಗೆ ಬಾಯಿ ಬಡಿದುಕೊಳ್ಳುವ ಮುದುಕಿಯನ್ನು ಕಂಡು ಹುಡುಗ ಹೆದರಿದ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಆ ‘ಅಯ್ಯಯ್ಯೋ’ ನನ್ನದಲ್ಲ. ಅದು ಅರಸೀಕೆರೆಯ ಗೌರಮ್ಮನವರದು. ಅವರ ಮನೆಯಲ್ಲಿ ಒಂದು ವರ್ಷ ಇದ್ದವರ ಬಾಯಿಗೆ ಅದು ಹತ್ತಿಕೊಳ್ಳುತ್ತದೆ, ಜನ್ಮಕ್ಕೂ ಬಿಡುವುದಿಲ್ಲ.

ನಯಾಪೈಸೆ ಹೊಸದಾಗಿ ಬಂದು, ಜನ ಇನ್ನೂ ಆಣೆ ಲೆಕ್ಕ ಬಿಡದೆ ಇದ್ದ ಕಾಲ ಅದು. ಮಲೆನಾಡಿನ ಅರೇಹಳ್ಳಿಯವಳಾದ ನನಗೆ ಅರಸೀಕೆರೆಯ ಪ್ರೈಮರಿ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಊರಿನ ಹೆಸರಿನಲ್ಲೇ ಕೆರೆಯಿದೆ, ಅದೂ ಅರಸಿಯ ಕೆರೆ, ನೀರಿಗೇನು ಕೊರತೆ ಎಂದುಕೊಂಡು ಪೆಟ್ಟಿಗೆ ಹೊತ್ತು ಬಂದೆ. ಬಂದ ಮೇಲೆ ತಿಳಿಯಿತು, ಅರಸಿ ಎಂದರೆ ರಾಣಿಯಲ್ಲ, ಹುಡುಕಿ ಎಂದು ಅರ್ಥ. ಆ ವರ್ಷ ಮುಂಗಾರು ಬೇರೆ ಕೈಕೊಟ್ಟಿತ್ತು. ಅರಸಿದರೂ ನೀರು ಸಿಗುತ್ತಿರಲಿಲ್ಲ.

ನನಗೆ ಬಾಡಿಗೆಗೆ ಹಿಂದಿನ ಕೋಣೆ ಕೊಟ್ಟವರು ಕೊಬ್ಬರಿ ವ್ಯಾಪಾರದ ರುದ್ರಪ್ಪನವರು. ಕೊಟ್ಟವರು ಅವರು, ಆಳುತ್ತಿದ್ದವರು ಅವರ ಹೆಂಡತಿ ಗೌರಮ್ಮ. ಊಟಕ್ಕೆ ಕೈಬಿಚ್ಚಿ ಬಡಿಸುವ ಹೆಂಗಸು. ತುಪ್ಪ ಕೇಳಿದರೆ ತುಪ್ಪ, ಕೊಬ್ಬರಿ ಕೇಳಿದರೆ ಹೋಳುಗಟ್ಟಲೆ ಕೊಬ್ಬರಿ. ನೀರು ಎಂದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. ಸಿಹಿನೀರಿನ ಬಾವಿ ಊರಾಚೆ ಇತ್ತು. ಅಲ್ಲಿಂದ ಬಂದ ನೀರಿಗೆ ಅವರ ಮನೆಯಲ್ಲಿ ಒಂದೇ ಸಲಕ್ಕೆ ಮುಕ್ತಿಯಿರಲಿಲ್ಲ. ಅಕ್ಕಿ ತೊಳೆದ ನೀರು ಹಸುವಿಗೆ, ಮೈ ತೊಳೆದ ನೀರು ತೊಂಡೆ ಚಪ್ಪರಕ್ಕೆ, ಪಾತ್ರೆ ಗಲಬರಿಸಿದ ನೀರು ತೆಂಗಿನ ಬುಡಕ್ಕೆ. “ಒಂದು ನೀರು ಮೂರು ಜನ್ಮ ಎತ್ತಬೇಕು ಕಣವ್ವ, ಆಮ್ಯಾಕೆ ಸಾಯ್ಬೇಕು,” ಎನ್ನುತ್ತಿದ್ದರು.

ನಾನೋ, ಬಾವಿಗೆ ಬಗ್ಗಿ ಚೊಂಬು ಅದ್ದಿದರೆ ನೀರು ಸಿಗುವ ಮನೆಯಲ್ಲಿ ಬೆಳೆದವಳು. ಮೊದಲ ದಿನ ಬೆಳಿಗ್ಗೆ ಬಚ್ಚಲಿಗೆ ಹೋಗಿ, ಹಂಡೆಯಲ್ಲಿ ಬಿಸಿನೀರು ಕಂಡು, ಸಂತೋಷವಾಗಿ ಅಷ್ಟನ್ನೂ ಹುಯ್ದುಕೊಂಡು ಬಂದೆ. ಅದು ಇಡೀ ಮನೆಗೆ ಕಾಯಿಸಿದ ನೀರಂತೆ. ರುದ್ರಪ್ಪನವರು ಹೆಗಲ ಮೇಲೆ ಪಂಚೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಅವರು ಸ್ನಾನವಿಲ್ಲದೆ ಲಿಂಗಪೂಜೆ ಮಾಡುವುದಿಲ್ಲ, ಪೂಜೆಯಿಲ್ಲದೆ ತಿಂಡಿ ಮುಟ್ಟುವುದಿಲ್ಲ. ಆವತ್ತು ಅವರು ಕೊಬ್ಬರಿ ಮಂಡಿಗೆ ಹಸಿದುಕೊಂಡೇ ಹೋದರು. ನನ್ನನ್ನು ಒಂದು ಮಾತೂ ಆಡಲಿಲ್ಲ. ಅವರು ಯಾರಿಗೂ ಒಂದು ಮಾತೂ ಆಡುವವರಲ್ಲ. ಅವರು ಸ್ನಾನಕ್ಕೆ ಹೋದರೆ ಹೊರಗಿನಿಂದ ಗೌರಮ್ಮ ಒಂದು ಸಲ ಕೆಮ್ಮುತ್ತಿದ್ದರು. ಅದು ‘ಸಾಕು’ ಎನ್ನುವ ಕೆಮ್ಮು. ಆ ಕೆಮ್ಮು ಬಿದ್ದರೆ ಬೆನ್ನಿನ ಮೇಲೆ ಸೀಗೆಪುಡಿ ಇದ್ದರೂ ಅವರು ಹೊರಗೆ ಬಂದುಬಿಡುತ್ತಿದ್ದರು.

ಸ್ಟೇಷನ್ನಿನ ಕಡೆ ಹೋದಾಗಲೆಲ್ಲ ಗೌರಮ್ಮ ನಿಂತು ಇಂಜಿನ್ನುಗಳನ್ನು ನೋಡುತ್ತಿದ್ದರು. ಆನೆಯ ಸೊಂಡಿಲಿನಂಥ ಕೊಳಾಯಿಯಿಂದ ಅವು ನೀರು ಕುಡಿಯುವುದನ್ನು ಕಂಡು ಅವರಿಗೆ ಹೊಟ್ಟೆ ಉರಿಯುತ್ತಿತ್ತು. “ಅಷ್ಟು ಕುಡ್ದು ಹೊಗೆ ಬಿಡ್ತದಲ್ಲ ಮುಂಡೇದು,” ಎಂದು ಬೈದು ಮುಂದೆ ಹೋಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಶಾಂತ. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ನನ್ನ ಕೋಣೆಯಲ್ಲೇ ಅವಳ ಬಿಡಾರ. ಅವಳಿಗೆ ಗಂಡು ಹುಡುಕುತ್ತಿದ್ದಾರೆಂದು ನಾನು ಊರಿಗೆ ಹೋದಾಗ ನಮ್ಮ ಸೋದರಮಾವನ ಕಿವಿಗೆ ಹಾಕಿದ್ದೆ. ಮಾವ ಕಳಸದ ಆಚೆಯ ಕಾಡಿನಲ್ಲಿ ಫಾರೆಸ್ಟ್ ಗಾರ್ಡು. ಅಲ್ಲೇ ಹತ್ತಿರದ ಮಲ್ಲೇಶ ಎನ್ನುವ ಹುಡುಗನ ಜಾತಕ ಕಳಿಸಿದರು. ನಮ್ಮವರೇ, ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ.

ಗೌರಮ್ಮ ನನ್ನನ್ನು ಕೊಬ್ಬರಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. “ಟೀಚರಮ್ಮ, ಸುಳ್ಳು ಹೇಳ್ಬ್ಯಾಡ. ಆ ಮನೆಯೋರ ಕೈ ಹೆಂಗೆ?”

ನಾನು ಸತ್ಯವನ್ನೇ ಹೇಳಿದೆ. “ಮನೆ ಒಳ್ಳೇದು, ಗೌರಮ್ಮನೋರೆ. ಹುಡುಗನೂ ಒಳ್ಳೆಯವನು. ಆದ್ರೆ ದುಡ್ಡು ಮಾತ್ರ ನೀರಿನ ಹಾಗೆ ಖರ್ಚು ಮಾಡ್ತಾರಂತೆ.”

ಅವರ ಮುಖ ಅರಳಿತು. “ನೀರಿನಂಗಾ?”

“ನೀರಿನ ಹಾಗೇ.”

“ಮತ್ತೆ ಅದಕ್ಯಾಕವ್ವ ‘ಆದ್ರೆ’ ಅಂತೀಯಾ? ಅಂಥ ಮನೆ ಸಿಕ್ಕೋಕೆ ಪುಣ್ಯ ಮಾಡಿರ್ಬೇಕು!”

ಧಾರಾಳಿಗಳನ್ನು ಕಂಡರೆ ಈಕೆಗೆ ಇಷ್ಟವೆಂದು ನಾನು ತಿಳಿದುಕೊಂಡೆ. ಅವರಿಗೂ ಊಟದಲ್ಲಿ ಕೈ ದೊಡ್ಡದಲ್ಲವೇ, ಬೀಗರೂ ಹಾಗೇ ಇರಲಿ ಎಂದಿರಬೇಕು. ಅಲ್ಲಿಗೆ ಆ ವಿಷಯ ಮುಗಿಯಿತು.

ಹುಡುಗ ಹೆಣ್ಣು ನೋಡಲು ಬಂದ. ಬಂದವರಿಗೆಲ್ಲ ಕಾಲಿಗೆ ನೀರು ಕೊಡುವುದು ಪದ್ಧತಿ. ಗೌರಮ್ಮ ತಲೆಗೊಂದು ಚೊಂಬು ಸಾಲಾಗಿ ಇಟ್ಟು, ಕೇಸರಿಬಾತು ತಿರುವಲು ಒಳಗೆ ಹೋದರು. ಮಲ್ಲೇಶ ತನ್ನ ಚೊಂಬನ್ನು ಎತ್ತಿ, ಇದ್ದ ನೀರನ್ನೆಲ್ಲ ಬಲಗಾಲಿನ ಮೇಲೆ ಹುಯ್ದುಕೊಂಡ. ಆಮೇಲೆ ಎಡಗಾಲನ್ನು ಎತ್ತಿ ಹಿಡಿದು, ಇದಕ್ಕೆ ನೀರೆಲ್ಲಿ ಎನ್ನುವಂತೆ ಸುತ್ತಲೂ ನೋಡಿದ. ಕೊಕ್ಕರೆಯ ಹಾಗೆ ನಿಂತ ಗಂಡನ್ನು ಕಿಟಕಿಯಿಂದ ನೋಡುತ್ತಿದ್ದ ಶಾಂತ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕವಳು ಸುಮ್ಮನಿರದೆ, ಹಿತ್ತಲ ಬಾಗಿಲಿನಿಂದ ಸುತ್ತಿಕೊಂಡು ಹೋಗಿ ತನ್ನ ಮುಖ ತೊಳೆಯಲು ಇಟ್ಟಿದ್ದ ನೀರನ್ನು ಅವನ ಪಕ್ಕ ಇಟ್ಟು ಓಡಿಬಂದಳು. ಹಾಗಾಗಿ ಹೆಣ್ಣು ಮುಖ ತೊಳೆಯದೆಯೇ ಬಂದು ಕುಳಿತಿತು. ಅವನಿಗೆ ಒಪ್ಪಿಗೆಯಾಯಿತು. ಅವಳಿಗಂತೂ ಆ ಎಡಗಾಲು ಎತ್ತಿದಾಗಲೇ ಒಪ್ಪಿಗೆಯಾಗಿತ್ತು.

ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡುವುದು. ದಸರಾ ರಜಕ್ಕೆ ಹೊರಟೆವು. ರುದ್ರಪ್ಪನವರು, ಗೌರಮ್ಮ, ದಾರಿ ಬಲ್ಲವಳೆಂದು ನಾನು. ಹೊರಡುವ ಹಿಂದಿನ ದಿನ ಶಾಂತ ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು. “ಅಕ್ಕ, ಅವ್ವ ಅಲ್ಲಿ ಏನಾರ ತಪ್ಪು ಹುಡುಕಿ ಬ್ಯಾಡ ಅಂದ್ರೆ ನಾನು ಸತ್ತೇ ಹೋಗ್ತೀನಿ. ನೀನೇ ನೋಡ್ಕಬೇಕು.” ಅವಳ ಕಣ್ಣಲ್ಲಿ ನೀರು ಬಂತು. ಆ ಮನೆಯಲ್ಲಿ ಲೆಕ್ಕವಿಲ್ಲದೆ ಹರಿಯುತ್ತಿದ್ದ ನೀರು ಅದೊಂದೇ.

ಗೌರಮ್ಮ ಬಸ್ಸಿಗೆ ಒಂದು ಕೂಜ, ಒಂದು ದೊಡ್ಡ ತಂಬಿಗೆ, ಮೇಲೆ ಸೀಮೆಎಣ್ಣೆ ಡಬ್ಬವನ್ನು ತೊಳೆದು ತುಂಬಿದ ನೀರು ಹತ್ತಿಸಿದರು. “ಅಲ್ಲಿ ಬೇಕಾದಷ್ಟು ನೀರಿದೆ” ಎಂದೆ. “ಎಲ್ಲಾ ಊರೋರೂ ಹಂಗೇ ಅಂತಾರೆ,” ಎಂದರು. ಹಳೇಬೀಡಿನ ತನಕ ಆ ಡಬ್ಬ ಬಸ್ಸಿನವರೆಲ್ಲರ ಕಾಲು ತೋಯಿಸಿತು, ಎಲ್ಲರೂ ಬೈದರು. ಗೌರಮ್ಮ ಯಾರಿಗೂ ಜಗ್ಗಲಿಲ್ಲ.

ಹಳೇಬೀಡಿನಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಕುಳಿತು ಕುಶಲ ವಿಚಾರಿಸಿದರು. ಗೌರಮ್ಮ ಹೆಮ್ಮೆಯಿಂದ ಹೇಳಿದರು: “ಮಗಳಿಗೆ ಗಂಡಿನ ಮನೆ ನೋಡಾಕೆ ಹೊಂಟೀವಿ. ಬೋ ಹಿಡಿತದ ಜನ. ದುಡ್ಡು ನೀರಿನಂಗೆ ಖರ್ಚು ಮಾಡ್ತಾರಂತೆ. ಒಂದು ಕಾಸು ತುಳುಕಿಸಾಕಿಲ್ಲ.”

ಆ ಹೆಂಗಸು ಬೇಲೂರಿನವರು, ಮನೆಯ ಹಿಂದೆ ಯಗಚಿ ಹೊಳೆ. ಅವರು ಪಿಳಿಪಿಳಿ ಕಣ್ಣು ಬಿಟ್ಟರು. ನನಗೆ ಆಗ ಅರ್ಥವಾಯಿತು. ಅಷ್ಟು ದಿನ ಒಂದೇ ಮಾತನ್ನು ಇಬ್ಬರೂ ಆಡಿ, ಅವರು ಉತ್ತರಕ್ಕೆ, ನಾನು ದಕ್ಷಿಣಕ್ಕೆ ಹೋಗಿದ್ದೆವು. ನೀರಿನ ಹಾಗೆ ಖರ್ಚು ಮಾಡುವುದೆಂದರೆ ಅರೇಹಳ್ಳಿಯಲ್ಲಿ ದುಂದು. ಗೌರಮ್ಮನ ಮನೆಯಲ್ಲಿ ಅದಕ್ಕಿಂತ ಬಿಗಿಯಾದ ಖರ್ಚು ಲೋಕದಲ್ಲೇ ಇರಲಿಲ್ಲ. ಬಿಡಿಸಿ ಹೇಳೋಣವೆಂದು ಬಾಯಿ ತೆರೆದೆ. ಶಾಂತಳ ಮುಖ ನೆನಪಾಯಿತು, ಮುಚ್ಚಿಕೊಂಡೆ.

ಬೇಲೂರಿನಲ್ಲಿ ರುದ್ರಪ್ಪನವರು ಬಸ್ಸಿನ ಕಿಟಕಿಯಿಂದಲೇ ಗೋಪುರಕ್ಕೆ ಕೈಮುಗಿದರು. ನಾನೂ ಮುಗಿದೆ, ನನ್ನ ಬೇಡಿಕೆ ದೊಡ್ಡದಿತ್ತು. ಗೆಂಡೆಹಳ್ಳಿ ದಾಟಿದ ಮೇಲೆ ಬಯಲು ಹಿಂದೆ ಸರಿದು ಹಸಿರು ಶುರುವಾಯಿತು. ರಸ್ತೆಯ ಪಕ್ಕದಲ್ಲಿ ಸಣ್ಣ ಸಣ್ಣ ತೊರೆಗಳು. ಒಂದೊಂದು ತೊರೆ ಬಂದಾಗಲೂ ಗೌರಮ್ಮ ಕತ್ತು ತಿರುಗಿಸಿ ಕಾಣುವಷ್ಟು ದೂರ ನೋಡುತ್ತಿದ್ದರು. ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸುವಾಗ ಕೇಳಿದರು: “ಇದೆಲ್ಲಾ ಯಾರ್ದವ್ವ?”

“ಯಾರದೂ ಅಲ್ಲ.”

“ಯಾರ್ದೂ ಅಲ್ದಿದ್ರೆ ಯಾಕೆ ಹಿಂಗೆ ಬಿಟ್ಟವ್ರೆ?” ಎಂದು ಸಿಟ್ಟಾದರು.

ಸಂಜೆ ಮಲ್ಲೇಶನ ಮನೆ ಮುಟ್ಟಿದೆವು. ಅವನ ತಾಯಿ ಪುಟ್ಟಮ್ಮ ನಗುಮುಖದ ಹೆಂಗಸು. ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ, ದೊಡ್ಡ ಲೋಟದಲ್ಲಿ ಕಾಫಿ, ದಾರಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಜನರನ್ನೂ ಕೂಗಿ ಕೂರಿಸಿ ಊಟ. “ನೆಂಟ್ರು ಬಂದವ್ರೆ ಅಂತ ಮಾಡಿರ್ತಾರೆ, ದಿನಾ ಹಿಂಗಿರಲ್ಲ ಬಿಡು,” ಎಂದು ಗೌರಮ್ಮ ನನ್ನ ಕಿವಿಯಲ್ಲಿ ಸಮಾಧಾನ ಹೇಳಿದರು. ಕೈತೊಳೆಯಲು ಹಿತ್ತಲಿಗೆ ಹೋದವರು ಮಾತ್ರ ಅಲ್ಲೇ ನಿಂತುಬಿಟ್ಟರು.

ಗುಡ್ಡದ ಮೇಲಿನಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ಹಿತ್ತಲಿಗೆ ನೀರು ತಂದಿದ್ದರು. ಅದು ಕಲ್ಲಿನ ಮೇಲೆ ಧಾರೆಯಾಗಿ ಬಿದ್ದು, ಹಿಡಿಯುವವರಿಲ್ಲದೆ ಹರಿದು ಹೋಗುತ್ತಿತ್ತು. ಗೌರಮ್ಮ ಮೊದಲು ತಮ್ಮ ತಂಬಿಗೆ ಹಿಡಿದರು. ತುಂಬಿತು. ಕೂಜದಲ್ಲಿ ಉಳಿದಿದ್ದ ನೀರನ್ನು ಕುಡಿದು ಅದನ್ನೂ ಹಿಡಿದರು. ತುಂಬಿತು. ಅಲ್ಲಿದ್ದ ಬಿಂದಿಗೆ, ಕೊಳಗ, ಹಸುವಿನ ಬಾನಿ, ಕೊನೆಗೆ ಕಾಫಿ ಬೀಜ ಅಳೆಯುವ ಡಬ್ಬ. ಎಲ್ಲವೂ ತುಂಬಿದ ಮೇಲೆ ಏದುಸಿರು ಬಿಡುತ್ತಾ ಪುಟ್ಟಮ್ಮನನ್ನು ಕೇಳಿದರು: “ಇದನ್ನ ಯಾವಾಗ ನಿಲ್ಲಿಸ್ತೀರಿ?”

“ನಿಲ್ಸೋದು ಹ್ಯಾಗಮ್ಮ? ಅಬ್ಬಿಯಿಂದ ಬರೋದು.”

“ಅಬ್ಬಿ ಅಂದ್ರೆ?”

“ಮೇಲೆ ಕಾಡಲ್ಲಿ ನೀರು ಬೀಳ್ತದಲ್ಲ, ಅದು.”

“ಯಾರೂ ಅಲ್ಲಿಗೆ ಹೋಗಿ ನೋಡಿಲ್ವಾ?”

ಪುಟ್ಟಮ್ಮ ನಕ್ಕರು. “ನೋಡೋಕೆ ಏನಿದೆಯಮ್ಮ, ಬರೀ ನೀರು!”

ಆ ಮಾತು ಗೌರಮ್ಮನಿಗೆ ನಾಟಿತು. ಮಾರನೆಯ ಬೆಳಿಗ್ಗೆ ಎದ್ದವರೇ ಹೇಳಿಬಿಟ್ಟರು: “ಅಬ್ಬಿ ನೋಡ್ಬೇಕು.” ಜನ ಈಗ ಚೆಂದ ನೋಡಲು ಜಲಪಾತಕ್ಕೆ ಹೋಗುತ್ತಾರೆ. ಗೌರಮ್ಮ ಹೊರಟದ್ದು ಯಾರೋ ಪುಣ್ಯಾತ್ಮ ತೆರೆದಿಟ್ಟು ಮರೆತ ಕೊಳಾಯಿಯನ್ನು ಪತ್ತೆಮಾಡಲು. ರುದ್ರಪ್ಪನವರು ಒಣ ಪಂಚೆ, ವಿಭೂತಿ ಗಟ್ಟಿ ಕೈಗೆತ್ತಿಕೊಂಡು, “ಸ್ನಾನ ಪೂಜೆ ಅಲ್ಲೇ ಮಾಡ್ಕಂತೀನಿ,” ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಮಲ್ಲೇಶ ಕತ್ತಿ ಹಿಡಿದು ಮುಂದೆ ನಡೆದ. ದಾರಿ ಎನ್ನುವುದು ಅವನ ತಲೆಯಲ್ಲಿತ್ತೇ ಹೊರತು ನೆಲದ ಮೇಲೆ ಇರಲಿಲ್ಲ. ಇಂಬಳ ಎನ್ನುವ ಕಾಡುಜಿಗಣೆಗಳು ನಮ್ಮ ಕಾಲುಗಳನ್ನು ಹಂಚಿಕೊಂಡವು. ನಾನು ಸುಣ್ಣ ಹಚ್ಚಿ ಕಿತ್ತೆಸೆಯುತ್ತಿದ್ದರೆ, ಗೌರಮ್ಮ, “ನಮ್ಮೂರ ಮಾಲೇಕಲ್ಲು ಬೆಟ್ಟ ಹತ್ತಿಳಿದೋಳು ನಾನು, ಇದೇನು ಮಹಾ ಗುಡ್ಡ,” ಎಂದು ತಿರುಗಿಯೂ ನೋಡದೆ ಹತ್ತಿದರು. ಕಂಕುಳಲ್ಲಿ ಅದೇ ಕೂಜ. ಅರ್ಧ ದಾರಿಯಲ್ಲಿ ಒಂದು ಹಳ್ಳದ ನಡುವೆ, ಮೊಣಕಾಲುದ್ದ ನೀರಿನಲ್ಲಿ ನಿಂತು, ಕೂಜದಿಂದ ಎರಡು ಗುಟುಕು ಕುಡಿದು, ಬಿರಡೆ ಭದ್ರಮಾಡಿ ಮುಂದೆ ಹೋದರು. ಮಲ್ಲೇಶ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ಕಂಡರೂ ಕಾಣದವಳಂತೆ ನಡೆದೆ.

ಮೊದಲು ಸದ್ದು ಬಂತು. ಮೇಲ್ ರೈಲು ಬರುವ ಸದ್ದಿನ ಹಾಗಿತ್ತು, ಆದರೆ ರೈಲು ಬಂದು ಹೋಗುತ್ತದೆ, ಇದು ಬರುತ್ತಲೇ ಇತ್ತು. ಕೊನೆಯ ಬಂಡೆ ಬಳಸಿದೆವು. ಎದುರಿಗೆ ಅಬ್ಬಿ.

ಗೌರಮ್ಮ ತಲೆಯೆತ್ತಿ ನೋಡಿದರು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಅವರ ತುಟಿ ಅಲುಗುತ್ತಿತ್ತು. ಬಿಂದಿಗೆಗಳನ್ನು ಎಣಿಸುತ್ತಿದ್ದರೆಂದು ನನ್ನ ಗುಮಾನಿ. ಎಣಿಕೆ ಎಲ್ಲೋ ತಪ್ಪಿಹೋಯಿತು, ಬಂಡೆಯ ಮೇಲೆ ಕುಳಿತುಕೊಂಡರು. ರುದ್ರಪ್ಪನವರನ್ನು ಮಲ್ಲೇಶ ಕೈಹಿಡಿದು ಧಾರೆಯ ಅಂಚಿಗೆ ಕರೆದುಕೊಂಡು ಹೋದ. ಬಹಳ ಹೊತ್ತಾದ ಮೇಲೆ ಗೌರಮ್ಮ ನನ್ನನ್ನು ಹತ್ತಿರಕ್ಕೆ ಕರೆದರು.

“ಟೀಚರಮ್ಮ, ಅವತ್ತು ಕೊಬ್ಬರಿ ಕ್ವಾಣೆಯಾಗೆ ಹೇಳಿದ್ಯಲ್ಲ, ಇವ್ರು ನೀರಿನಂಗೆ ದುಡ್ಡು ಖರ್ಚು ಮಾಡ್ತಾರೆ ಅಂತ. ಅದು ಯಾವ ನೀರು? ನಮ್ಮೂರ ನೀರೋ, ಈ ನೀರೋ?”

‘ನಿಮ್ಮೂರ ನೀರು’ ಎಂದು ಒಂದು ಮಾತು ಹೇಳಿದ್ದರೆ ಶಾಂತಳ ಮದುವೆ ಅಲ್ಲಿಗೇ ಗಟ್ಟಿಯಾಗುತ್ತಿತ್ತು. ಆದರೆ ಅಷ್ಟು ನೀರಿನ ಎದುರಿಗೆ ನಿಂತು ಹೇಗೆ ಸುಳ್ಳು ಹೇಳುವುದು?

“ಈ ನೀರು,” ಎಂದೆ.

“ಆಂ? ಕೇಳಿಸ್ಲಿಲ್ಲ.”

“ಈ ನೀರು!” ಎಂದು ಗಂಟಲು ಹರಿಯುವಂತೆ ಕಿರುಚಿದೆ. ಧಾರೆಯ ಹತ್ತಿರವಿದ್ದ ಮಲ್ಲೇಶ ತಿರುಗಿ, “ಏನು ಬೇಕಿತ್ತು?” ಎಂದು ಕೂಗಿದ.

ಗೌರಮ್ಮ ಎದ್ದು ನಿಂತರು. “ನೆನ್ನೆ ಊಟದಾಗೇ ಗೊತ್ತಾಗ್ಬೇಕಿತ್ತು ನಂಗೆ. ನೋಡಿ ನೋಡಿ ನನ್ ಮಗಳನ್ನ ಹೊಳೇಗೆ ತಳ್ಳಾಕೆ ಬಂದಿವ್ನಿ. ನಡೀರಿ, ಹೋಗಾನ.” ಗಂಡನ ಕಡೆ ತಿರುಗಿ ಕೆಮ್ಮಿದರು. ಬಚ್ಚಲ ಬಾಗಿಲಿನಲ್ಲಿ ಕೆಮ್ಮುವ ಅದೇ ಕೆಮ್ಮು. ಅಬ್ಬಿಯ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕೆಮ್ಮಿದರು. ಹೊಟ್ಟೆ ಹಿಡಿದುಕೊಂಡು ಮತ್ತೊಮ್ಮೆ ಕೆಮ್ಮಿದರು.

ರುದ್ರಪ್ಪನವರು ಧಾರೆಯ ಕೆಳಗೆ ಎರಡು ಕೈಯನ್ನೂ ಮೇಲೆತ್ತಿ ನಿಂತಿದ್ದರು. ನೀರು ಅವರ ಬೋಳುತಲೆಗೆ ಬಡಿದು ಕೊಡೆಯಂತೆ ಅರಳುತ್ತಿತ್ತು. ಅವರು ಕುಣಿಯುತ್ತಿದ್ದರು. ಕೊಬ್ಬರಿ ಮಂಡಿಯ ರುದ್ರಪ್ಪನವರು, ಕೂರು ಎಂದರೆ ಕೂರುವ, ಏಳು ಎಂದರೆ ಏಳುವ ಮನುಷ್ಯ, ಬಾಯಿಗೆ ನೀರು ತುಂಬಿಕೊಂಡು ಮಲ್ಲೇಶನ ಮುಖಕ್ಕೆ ಉಗಿದು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು. ಹೆಂಡತಿ ಎದ್ದು ನಿಂತದ್ದನ್ನು ಕಂಡು, ಹೋಗು ಎಂದಲ್ಲ, ಬಾ ಎಂದು ಕೈಬೀಸಿದರು. “ಗೌರೀ! ಬಾರೇ ಗೌರೀ!”

ಗೌರಮ್ಮನ ಕೆಮ್ಮು ನಿಂತಿತು. ಅವರು ಮತ್ತೆ ಕುಳಿತರು. “ಮದುವೆಯಾಗಿ ಬಂದಾಗಿಂದ ಇವ್ರು ಹಿಂಗೆ ನಗೋದು ನಾನು ಕಂಡಿಲ್ಲ ಕಣವ್ವ,” ಎಂದರು. “ನನ್ ಹೆಸ್ರು ಹಿಡ್ದು ಕರೆದಿದ್ದೂ ಇಲ್ಲ.” ನಾನೂ ಅವರ ಪಕ್ಕ ಕುಳಿತೆ. ರುದ್ರಪ್ಪನವರು ತಾವಾಗಿ ಹೊರಗೆ ಬರುವವರೆಗೆ, ಆಮೇಲೆ ಬಂಡೆಯ ಮೇಲೆ ಕುಳಿತು ಪೂಜೆ ಮುಗಿಸುವವರೆಗೆ, ನಾವಿಬ್ಬರೂ ಹಾಗೇ ಕುಳಿತಿದ್ದೆವು.

ಗುಡ್ಡ ಇಳಿದು ಬಂದ ಗೌರಮ್ಮ ಊರಿಗೆ ಹೊರಡಲು ಕೂಜ, ತಂಬಿಗೆ ಎತ್ತಿಕೊಂಡರು. ಪುಟ್ಟಮ್ಮ ಮಡಿಲು ತುಂಬಿ, “ಏನು ಹೇಳ್ತೀರಮ್ಮ?” ಎಂದಾಗ, “ಊರಿಗೆ ಹೋಗಿ ಕಾಗದ ಹಾಕ್ತೀವಿ,” ಎಂದರು. ಆ ಮಾತಿನ ಅರ್ಥ ಬಯಲುಸೀಮೆಯಲ್ಲೂ ಮಲೆನಾಡಿನಲ್ಲೂ ಒಂದೇ. ಬೇಡ ಎನ್ನಲು ಬಾಯಿ ಬಾರದವರು ಹೇಳುವ ಮಾತು ಅದು. ಪುಟ್ಟಮ್ಮನ ಮುಖ ಸಣ್ಣದಾಯಿತು. ಮಲ್ಲೇಶ ನಮ್ಮನ್ನು ಬಸ್ಸಿಗೆ ಹತ್ತಿಸಿ, ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದ.

ದಾರಿಯುದ್ದಕ್ಕೂ ಶಾಂತಳಿಗೆ ಏನು ಹೇಳುವುದೆಂದು ಯೋಚಿಸಿದೆ. ಅಷ್ಟರಲ್ಲಿ ಅರಸೀಕೆರೆ ಬಂತು. ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಮುಖ ನೋಡಿದಳು, ಅವಳಿಗೆ ಅಷ್ಟೇ ಸಾಕಾಯಿತು. ಕಂಬಕ್ಕೆ ಒರಗಿದಳು.

ಗೌರಮ್ಮ ಕುಳಿತು ಸುಧಾರಿಸಿಕೊಳ್ಳಲೂ ಇಲ್ಲ. ಸೀದಾ ಬಚ್ಚಲಿಗೆ ಹೋಗಿ ಹಂಡೆಗೆ ಉರಿ ಹಾಕಿದರು. ಮನೆಯಲ್ಲಿದ್ದ ಬಿಂದಿಗೆಗಳನ್ನೆಲ್ಲ ತಂದು ಹಂಡೆಗೆ ಸುರಿದರು, ನಾಳೆಯ ಕುಡಿಯುವ ನೀರನ್ನೂ ಬಿಡಲಿಲ್ಲ. “ಶಾಂತಾ, ಬಾರೇ ಇಲ್ಲಿ. ಜಡೆ ಬಿಚ್ಚು.”

“ಇವತ್ತು ತಲೆ ಸ್ನಾನದ ದಿನ ಅಲ್ಲವ್ವ.”

“ಕೂತ್ಕೋ ಅಂದೆ.”

ನಾನೂ ರುದ್ರಪ್ಪನವರೂ ನಡುಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆವು. ಚೊಂಬಿನ ಮೇಲೆ ಚೊಂಬು, ಎಡೆಬಿಡದೆ, ತಲೆಯ ಮೇಲೆ ನೀರು ಬೀಳುವ ಸದ್ದು. ಆ ಮನೆಯಲ್ಲಿ ಅಂಥ ಸದ್ದು ನಾನು ಬಂದ ಮೊದಲ ದಿನ ಬಿಟ್ಟರೆ ಯಾವತ್ತೂ ಕೇಳಿರಲಿಲ್ಲ. ಶಾಂತ ಗಾಬರಿಯಿಂದ ಕೂಗಿದಳು: “ಅವ್ವಾ, ಸಾಕವ್ವಾ! ಹಂಡೆ ತಳ ಕಾಣ್ತೈತೆ!”

“ಕಾಣ್ಲಿ ಬಿಡು. ಆ ಮನೇಗೆ ಹೋದ್ಮ್ಯಾಲೆ ನನ್ ಮಗಳಿಗೆ ನೀರು ಹುಯ್ಕಳಾಕೂ ಬರಾಕಿಲ್ಲ ಅಂದ್ರೆ ನನ್ ಮರ್ವಾದೆ ಏನಾಯ್ತದೆ? ಈಗ್ಲಿಂದ್ಲೇ ಕಲ್ತ್ಕೋ. ಕಣ್ಮುಚ್ಚು.”

ಮಾರನೆಯ ದಿನ ಬೆಳಿಗ್ಗೆ ನಾನು ಮುಖ ತೊಳೆಯಲು ನೀರು ಕೇಳಿದೆ. ಗೌರಮ್ಮ ಹಿತ್ತಲಿಗೆ ಹೋಗಿ ಒಂದು ಎಳನೀರು ಕೆತ್ತಿ ತಂದು ಕೈಗೆ ಕೊಟ್ಟರು.